ಚೊಚ್ಚಲ ಬಸಿರು: ನಡಿಗೆಯ ಜೊತೆ ಇನ್ನೊಂದು ವ್ಯಾಯಾಮವೂ ಇರಲಿ

ನಿಮಗೆ ಏಳನೆಯ ತಿಂಗಳು. ಮಗ್ರಿಬ್ ನಮಾಝ್‌ಗೆ ನಿಂತಿದ್ದೀರಿ. ರುಕೂವಿನಿಂದ ಏಳುವಷ್ಟರಲ್ಲಿ ಒಂದು ಸೀನು ಬಂತು. ಅದರ ಜೊತೆಗೇ ಬಟ್ಟೆ ತುಸು ಒದ್ದೆಯಾದ ಹಾಗಾಯಿತು. ನಮಾಝ್ ಬಿಟ್ಟು ಹೋಗಿ, ಬಟ್ಟೆ ಬದಲಿಸಿ, ಮತ್ತೆ ವುಝೂ ಮಾಡಿ ನಿಂತಿರಿ. ಎರಡು ದಿನ ಬಿಟ್ಟು ಕೆಮ್ಮುವಾಗಲೂ ಹಾಗೆಯೇ ಆಯಿತು. ಅತ್ತೆಯ ಬಳಿ ಹೇಳಲು ಸಂಕೋಚ, ಗಂಡನ ಬಳಿ ಹೇಳಲು ನಾಚಿಕೆ. ತಾಯಿಗೆ ಫೋನ್ ಮಾಡಿದರೆ, “ಬಸುರಿಯರಿಗೆ ಇದೆಲ್ಲ ಇದ್ದದ್ದೇ ಮಗಳೇ, ಹೆತ್ತ ಮೇಲೆ ಸರಿಯಾಗುತ್ತದೆ” ಎಂಬ ಸಮಾಧಾನ.

ತಾಯಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಇದು ನಿಮಗೊಬ್ಬರಿಗೇ ಬಂದ ತೊಂದರೆಯಲ್ಲ. ಹೆತ್ತ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗೆ ಮೂತ್ರ ಸೋರುವ ಅನುಭವವಾಗುತ್ತದೆ. ಅನೇಕರಿಗೆ ಕೆಲವು ವಾರಗಳಲ್ಲಿ ಕಡಿಮೆಯೂ ಆಗುತ್ತದೆ. ಆದರೆ ಎಲ್ಲರಿಗೂ ತಾನಾಗಿ ಸರಿಹೋಗುತ್ತದೆ ಎಂಬುದು ನಿಜವಲ್ಲ. ಹೆರಿಗೆಯಾಗಿ ಮೂರು ತಿಂಗಳು ಕಳೆದರೂ ಸೋರುವುದು ನಿಲ್ಲದಿದ್ದರೆ, ಅದು ವರ್ಷಗಳ ನಂತರವೂ ಉಳಿಯುವ ಸಾಧ್ಯತೆ ಹೆಚ್ಚು. ಮುಂದಿನ ಹೆರಿಗೆಗಳು, ವಯಸ್ಸು, ಬೊಜ್ಜು ಸೇರಿಕೊಂಡಾಗ ಅದು ಹೆಚ್ಚುತ್ತಲೇ ಹೋಗಬಹುದು. ಮದುವೆ ಮನೆಗೆ, ದೂರದ ಪ್ರಯಾಣಕ್ಕೆ, ತರಾವೀಹ್‌ಗೆ ಹೋಗಲು ಹಿಂಜರಿಯುವ ಎಷ್ಟೋ ಮಹಿಳೆಯರ ಕಷ್ಟ ಮೊದಲ ಬಸಿರಿನಲ್ಲೇ ಆರಂಭವಾಗಿರುತ್ತದೆ.

ಸಂತೋಷದ ಸಂಗತಿಯೆಂದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಔಷಧಿ ಬೇಡ, ಹಣ ಬೇಡ, ಮನೆಯಿಂದ ಹೊರಗೆ ಹೋಗಬೇಕಾಗಿಯೂ ಇಲ್ಲ. ಮೊದಲ ಮಗುವನ್ನು ನಿರೀಕ್ಷಿಸುತ್ತಿರುವ ಸಹೋದರಿಯರು ಇದನ್ನು ಈಗಲೇ ಕಲಿತುಕೊಳ್ಳುವುದು ಒಳ್ಳೆಯದು.

ದೇಹದ ತಳದ ಜೋಳಿಗೆ

ನಮ್ಮ ಸೊಂಟದ ಎಲುಬಿನ ಕೆಳಭಾಗದಲ್ಲಿ, ಮುಂದಿನ ಗುಪ್ತಾಂಗದ ಎಲುಬಿನಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಳಿಗೆಯಂತೆ ಹರಡಿಕೊಂಡಿರುವ ಕೆಲವು ಸ್ನಾಯುಗಳಿವೆ. ವೈದ್ಯರು ಇವುಗಳನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಕನ್ನಡದಲ್ಲಿ ಶ್ರೋಣಿತಳ ಎನ್ನಬಹುದು. ಮೂತ್ರಕೋಶ, ಗರ್ಭಕೋಶ ಮತ್ತು ಮಲಾಶಯ ಈ ಜೋಳಿಗೆಯ ಮೇಲೆ ಕುಳಿತಿವೆ. ಮೂತ್ರ, ಯೋನಿ ಮತ್ತು ಮಲದ ದ್ವಾರಗಳು ಇದರ ಮೂಲಕವೇ ಹಾದು ಹೋಗುತ್ತವೆ. ನೀವು ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ನೀರಿನ ಕೊಡ ಎತ್ತಿದಾಗ ಹೊಟ್ಟೆಯ ಒತ್ತಡವೆಲ್ಲ ಕೆಳಕ್ಕೆ ಬೀಳುತ್ತದೆ. ಆ ಕ್ಷಣದಲ್ಲಿ ಈ ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡು ದ್ವಾರಗಳನ್ನು ಮುಚ್ಚುತ್ತವೆ.

ಗರ್ಭ ಧರಿಸಿದಾಗ ಎರಡು ಬದಲಾವಣೆಗಳಾಗುತ್ತವೆ. ಹೆರಿಗೆಗೆ ಅನುಕೂಲವಾಗಲೆಂದು ದೇಹದ ಹಾರ್ಮೋನುಗಳು ಸ್ನಾಯು ಮತ್ತು ಕೀಲುಗಳನ್ನು ಸಡಿಲಗೊಳಿಸುತ್ತವೆ. ಅದೇ ಹೊತ್ತಿಗೆ ಮಗುವಿನ ಮತ್ತು ಗರ್ಭಕೋಶದ ಭಾರ ದಿನದಿನವೂ ಹೆಚ್ಚುತ್ತದೆ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಸ್ನಾಯುಗಳ ಕೆಲವು ಭಾಗ ತನ್ನ ಸಹಜ ಉದ್ದದ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ದೇಹದ ಬೇರೆ ಸ್ನಾಯುಗಳು ಇಷ್ಟು ಹಿಗ್ಗಿದರೆ ಹರಿದೇ ಹೋಗುತ್ತವೆ. ಈ ಸ್ನಾಯುಗಳಿಗೆ ಸೃಷ್ಟಿಕರ್ತನು ಹಿಗ್ಗುವ, ಮತ್ತೆ ಚೇತರಿಸಿಕೊಳ್ಳುವ ಸಾಮರ್ಥ್ಯ ಕೊಟ್ಟಿದ್ದಾನೆ. ಆ ಚೇತರಿಕೆಗೆ ನಾವು ನೆರವಾಗಬೇಕಷ್ಟೆ.

“ಸಿಸೇರಿಯನ್ ಆದರೆ ಈ ಸಮಸ್ಯೆಯೇ ಇಲ್ಲವಲ್ಲ?” ಎಂದು ಕೆಲವರು ಕೇಳುತ್ತಾರೆ. ಸಿಸೇರಿಯನ್‌ನಿಂದ ಅಪಾಯ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಒಂಬತ್ತು ತಿಂಗಳು ಭಾರ ಹೊತ್ತದ್ದು ಇದೇ ಸ್ನಾಯುಗಳಲ್ಲವೇ? ಆದ್ದರಿಂದ ಆಪರೇಶನ್ ಆದವರಿಗೂ ಈ ವ್ಯಾಯಾಮ ಬೇಕು. ಮೂತ್ರ ಸೋರುವ ಭಯಕ್ಕಾಗಿ ಸಿಸೇರಿಯನ್ ಕೇಳಿ ಮಾಡಿಸಿಕೊಳ್ಳುವುದು ಜಾಣತನವಲ್ಲ.

ಬಸುರಿ ಎಷ್ಟು ನಡೆಯಬೇಕು?

ಬಸುರಿ ಎಂದ ಕೂಡಲೇ “ಕುಳಿತುಕೋ, ಎದ್ದೇಳಬೇಡ” ಎನ್ನುವ ಮನೆಗಳಿವೆ. ಅದೇ ಬಸುರಿಯಿಂದ ಮನೆ ತುಂಬ ಜನರಿಗೆ ಅಡುಗೆ ಮಾಡಿಸಿ, “ಕೆಲಸವೇ ವ್ಯಾಯಾಮ” ಎನ್ನುವ ಮನೆಗಳೂ ಇವೆ. ಎರಡೂ ಸರಿಯಲ್ಲ. ಗಂಟೆಗಟ್ಟಲೆ ಒಲೆಯ ಮುಂದೆ ನಿಲ್ಲುವುದರಿಂದ ಕಾಲು ಬಾತುಕೊಳ್ಳುತ್ತದೆ, ಸೊಂಟ ನೋಯುತ್ತದೆ. ಅದರಿಂದ ವ್ಯಾಯಾಮದ ಲಾಭ ಸಿಗುವುದಿಲ್ಲ.

ಗರ್ಭಿಣಿಗೆ ಬೇರೆ ತೊಂದರೆಗಳಿಲ್ಲದಿದ್ದರೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಒಮ್ಮೆಲೇ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷಗಳಾಗಿ ಹಂಚಿಕೊಳ್ಳಿ. ಈ ಮೊದಲು ನಡೆಯುವ ಅಭ್ಯಾಸವೇ ಇಲ್ಲದವರು ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಲಿ. ನಡೆಯುವಾಗ ಜೊತೆಯಲ್ಲಿರುವವರೊಂದಿಗೆ ಮಾತನಾಡಲು ಸಾಧ್ಯವಾಗಬೇಕು. ಮಾತನಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ.

ಹೊರಗೆ ನಡೆಯಲು ಅನುಕೂಲವಿಲ್ಲ ಎನ್ನುವವರಿಗೆ ಮನೆಯ ತಾರಸಿ ಇದೆ, ಅಂಗಳವಿದೆ, ಉದ್ದನೆಯ ಜಗಲಿ ಇದೆ. ಫಜ್ರ್ ನಮಾಝ್‌ನ ನಂತರ ಅಥವಾ ಅಸರ್‌ನ ನಂತರ ಗಂಡ ಹೆಂಡತಿ ಜೊತೆಯಾಗಿ ನಡೆದರೆ ಇಬ್ಬರಿಗೂ ಒಳ್ಳೆಯದು. ಜಾರದ, ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಧರಿಸಿ. ಬುರ್ಖಾ ನೆಲಕ್ಕೆ ತಾಗಿ ಕಾಲಿಗೆ ಸಿಕ್ಕುವಷ್ಟು ಉದ್ದವಿರದಂತೆ ನೋಡಿಕೊಳ್ಳಿ. ಬಿಸಿಲು ಏರಿದ ಮೇಲೆ ನಡೆಯಬೇಡಿ. ನಾಲ್ಕು ತಿಂಗಳು ಕಳೆದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮಗಳನ್ನು ಬಿಡಿ. ಬೀಳುವ ಅಥವಾ ಹೊಟ್ಟೆಗೆ ಪೆಟ್ಟಾಗುವ ಸಾಧ್ಯತೆ ಇರುವ ಯಾವುದನ್ನೂ ಮಾಡಬೇಡಿ.

ಎಲ್ಲ ಗರ್ಭಿಣಿಯರೂ ವ್ಯಾಯಾಮ ಮಾಡಬಹುದೆಂದಲ್ಲ. ರಕ್ತಸ್ರಾವ ಇರುವವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಹೇಳಲ್ಪಟ್ಟವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಗರ್ಭಿಣಿಯಾದ ಮೇಲೆ ರಕ್ತದೊತ್ತಡ ಏರಿದವರು, ತೀವ್ರ ರಕ್ತಹೀನತೆ ಅಥವಾ ಹೃದಯದ ಕಾಯಿಲೆ ಇರುವವರು, ಅವಧಿಗೆ ಮುನ್ನ ಹೆರಿಗೆಯಾಗುವ ಭಯವಿರುವವರು ವೈದ್ಯರನ್ನು ಕೇಳದೆ ಯಾವ ವ್ಯಾಯಾಮಕ್ಕೂ ಇಳಿಯಬಾರದು. ಉಳಿದವರೂ ನಡೆಯುವಾಗ ತಲೆಸುತ್ತು, ಎದೆನೋವು, ತೀವ್ರ ತಲೆನೋವು, ರಕ್ತ ಅಥವಾ ನೀರು ಹೋಗುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಬಾವು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡುಬಂದರೂ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ತಳದ ಸ್ನಾಯುಗಳನ್ನು ಗುರುತಿಸಿಕೊಳ್ಳಿ

ನಡಿಗೆಯಿಂದ ಹೃದಯ, ಕಾಲು, ಮನಸ್ಸು ಎಲ್ಲಕ್ಕೂ ಲಾಭವಿದೆ. ಸಕ್ಕರೆ ಮತ್ತು ತೂಕ ಹತೋಟಿಯಲ್ಲಿರುತ್ತವೆ. ಆದರೆ ಶ್ರೋಣಿತಳದ ಸ್ನಾಯುಗಳು ನಡಿಗೆಯೊಂದರಿಂದಲೇ ಬಲಗೊಳ್ಳುವುದಿಲ್ಲ. ಅವುಗಳಿಗೆ ಬೇರೆಯೇ ವ್ಯಾಯಾಮ ಬೇಕು. ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವೈದ್ಯ ಜಗತ್ತಿನ ಗಮನಕ್ಕೆ ತಂದುದರಿಂದ ಇದಕ್ಕೆ ಕೆಗೆಲ್ ವ್ಯಾಯಾಮ ಎಂಬ ಹೆಸರು ಬಂದಿದೆ.

ಮೊದಲು ಮೂತ್ರ ಮಾಡಿ ಬಂದು, ಕುರ್ಚಿಯಲ್ಲಿ ಕಾಲುಗಳನ್ನು ಸ್ವಲ್ಪ ಅಗಲಿಸಿ ಆರಾಮವಾಗಿ ಕುಳಿತುಕೊಳ್ಳಿ. ಜನರ ನಡುವೆ ಕುಳಿತಿದ್ದಾಗ ವಾಯು ಹೊರಹೋಗದಂತೆ ಹೇಗೆ ತಡೆಹಿಡಿಯುತ್ತೀರೋ ಹಾಗೆ ಗುದದ್ವಾರವನ್ನು ಬಿಗಿಯಿರಿ. ಅದರ ಜೊತೆಗೇ ಮೂತ್ರವನ್ನು ತಡೆಯುವಂತೆ ಮುಂಭಾಗವನ್ನೂ ಬಿಗಿಯಿರಿ. ಈಗ ಆ ಇಡೀ ಭಾಗವನ್ನು ಒಳಕ್ಕೆ ಮತ್ತು ಮೇಲಕ್ಕೆ ಎಳೆದುಕೊಳ್ಳಿ. ಕುರ್ಚಿಯಿಂದ ಏನೋ ಮೇಲಕ್ಕೆ ಸರಿದಂತೆ ಅನಿಸಬೇಕು. ನೀವು ಹುಡುಕುತ್ತಿರುವ ಸ್ನಾಯುಗಳು ಅವೇ.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಒಂದು, ಉಸಿರು ಬಿಗಿಹಿಡಿಯುವುದು. ಎರಡು, ಪೃಷ್ಠ, ತೊಡೆ ಅಥವಾ ಹೊಟ್ಟೆಯನ್ನು ಬಿಗಿಯುವುದು. ಮೂರು, ಮೇಲಕ್ಕೆ ಎಳೆಯುವ ಬದಲು ಮುಕ್ಕರಿದಂತೆ ಕೆಳಕ್ಕೆ ತಳ್ಳುವುದು. ಈ ಮೂರನೆಯದು ಲಾಭದ ಬದಲು ಹಾನಿ ಮಾಡುತ್ತದೆ. ಉಸಿರಾಡುತ್ತಾ, ನಿಮ್ಮನ್ನು ನೋಡುತ್ತಿರುವವರಿಗೆ ಏನೂ ಗೊತ್ತಾಗದಂತೆ ಮಾಡಲು ಸಾಧ್ಯವಾದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ಗೊತ್ತಾಗದಿದ್ದರೆ ಮಹಿಳಾ ವೈದ್ಯೆ ಅಥವಾ ಮಹಿಳಾ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಮ್ಮೆ ಕಂಡು ಕಲಿತುಕೊಳ್ಳಿ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಿಗೆ ಕಾರಣವಾಗಬಹುದು.

ಸ್ನಾಯು ಗೊತ್ತಾದ ಮೇಲೆ ಅಭ್ಯಾಸ ಹೀಗಿರಲಿ. ಬಿಗಿದು ಮೂರರಿಂದ ಐದು ಸೆಕೆಂಡ್ ಹಿಡಿಯಿರಿ. ನಂತರ ಪೂರ್ತಿಯಾಗಿ ಸಡಿಲಿಸಿ ಅಷ್ಟೇ ಹೊತ್ತು ಬಿಡಿ. ಹೀಗೆ ಎಂಟು ಸಲ. ವಾರಗಳು ಕಳೆದಂತೆ ಹಿಡಿಯುವ ಸಮಯವನ್ನು ಹತ್ತು ಸೆಕೆಂಡಿಗೆ ಹೆಚ್ಚಿಸಿ. ಕೊನೆಗೆ, ಬಿಗಿದ ಕೂಡಲೇ ಬಿಡುವ ವೇಗದ ಬಿಗಿತ ಎಂಟು ಹತ್ತು ಸಲ ಮಾಡಿ. ಕೆಮ್ಮು ಸೀನು ಬಂದಾಗ ತಟ್ಟನೆ ಸಹಾಯಕ್ಕೆ ಬರುವುದು ಈ ವೇಗದ ಬಿಗಿತವೇ. ಸೀನು ಬರುತ್ತದೆ ಎನಿಸಿದಾಗ, ಬಾಗಿ ಏನನ್ನಾದರೂ ಎತ್ತುವಾಗ ಮೊದಲೇ ಒಮ್ಮೆ ಬಿಗಿಯುವುದನ್ನು ರೂಢಿ ಮಾಡಿಕೊಳ್ಳಿ.

ಬಿಗಿಯುವಷ್ಟೇ ಮುಖ್ಯ ಪೂರ್ತಿ ಸಡಿಲಿಸುವುದು. ಹೆರಿಗೆಯ ಹೊತ್ತಿಗೆ ಈ ಸ್ನಾಯುಗಳು ಸಡಿಲಗೊಂಡು ದಾರಿ ಬಿಡಬೇಕಲ್ಲವೇ?

ಮುಸಲ್ಲಾದ ಮೇಲೆ ಎರಡು ನಿಮಿಷ

ದಿನಕ್ಕೆ ಕನಿಷ್ಠ ಮೂರು ಬಾರಿ, ಪ್ರತಿ ಬಾರಿ ಎಂಟು ಬಿಗಿತ, ಹೀಗೆ ಮೂರು ತಿಂಗಳಾದರೂ ಬಿಡದೆ ಮಾಡಬೇಕೆಂಬುದು ತಜ್ಞರ ಸಲಹೆ. ಕಷ್ಟವಿರುವುದು ಮಾಡುವುದರಲ್ಲಲ್ಲ, ನೆನಪಿಡುವುದರಲ್ಲಿ. ಹೆಚ್ಚಿನವರು ಒಂದು ವಾರ ಉತ್ಸಾಹದಿಂದ ಮಾಡಿ ಮರೆತುಬಿಡುತ್ತಾರೆ.

ಆದರೆ ನಮ್ಮ ದಿನಕ್ಕೆ ಐದು ಹೊತ್ತಿನ ನಮಾಝ್‌ನ ಕ್ರಮವಿದೆ. ನಮಾಝ್ ಮುಗಿಸಿ, ತಸ್ಬೀಹ್ ಮತ್ತು ದುಆ ಆದ ಮೇಲೆ ಮುಸಲ್ಲಾದಿಂದ ಏಳುವ ಮೊದಲು ಎರಡು ನಿಮಿಷ ಈ ವ್ಯಾಯಾಮ ಮಾಡಿ. ಮೂರು ಹೊತ್ತು ಮಾಡಿದರೂ ಸಾಕು, ಐದು ಹೊತ್ತು ಮಾಡಿದರೆ ಇನ್ನೂ ಒಳ್ಳೆಯದು. ನಮಾಝ್‌ನೊಳಗೆ ಮಾತ್ರ ಬೇಡ. ನಮಾಝ್ ಆರಾಧನೆ, ಅಲ್ಲಿ ಮನಸ್ಸು ಅಲ್ಲಾಹನ ಕಡೆಗಿರಲಿ. ನಮಾಝ್‌ನ ಚಲನೆಗಳಿಂದ ದೇಹಕ್ಕೆ ಪ್ರಯೋಜನವಿದ್ದರೂ ಅದನ್ನೇ ಶ್ರೋಣಿತಳದ ವ್ಯಾಯಾಮವೆಂದು ತಿಳಿದು ಸುಮ್ಮನಿರಬೇಡಿ. ಕೊನೆಯ ತಿಂಗಳುಗಳಲ್ಲಿ ಸುಜೂದ್ ಮಾಡಿ ಏಳಲು ನಿಜವಾಗಿ ಕಷ್ಟವಾಗುವವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಇಷ್ಟು ಸಣ್ಣ ವ್ಯಾಯಾಮದಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂಬ ಪ್ರಶ್ನೆ ಬರಬಹುದು. ನಾರ್ವೆ ದೇಶದಲ್ಲಿ ಚೊಚ್ಚಲ ಬಸುರಿಯರ ಮೇಲೆಯೇ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅದರಲ್ಲಿ 301 ಮಹಿಳೆಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಐದನೆಯ ತಿಂಗಳಿನಿಂದ ಹನ್ನೆರಡು ವಾರ ಈ ವ್ಯಾಯಾಮದ ತರಬೇತಿ ಕೊಡಲಾಯಿತು. ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಎದುರಿನಲ್ಲಿ, ಉಳಿದಂತೆ ದಿನಕ್ಕೆರಡು ಬಾರಿ ಮನೆಯಲ್ಲಿ. ಉಳಿದರ್ಧ ಮಂದಿಗೆ ಎಂದಿನ ಸಲಹೆ ಮಾತ್ರ. 36ನೆಯ ವಾರದಲ್ಲಿ ಕೇಳಿದಾಗ ತರಬೇತಿ ಪಡೆದವರಲ್ಲಿ 100ಕ್ಕೆ 32 ಮಂದಿಗೆ ಮೂತ್ರ ಸೋರುತ್ತಿತ್ತು, ಪಡೆಯದವರಲ್ಲಿ 100ಕ್ಕೆ 48 ಮಂದಿಗೆ. ಹೆರಿಗೆಯಾಗಿ ಮೂರು ತಿಂಗಳಾದಾಗ ಆ ಸಂಖ್ಯೆ 20 ಮತ್ತು 32 ಆಗಿತ್ತು. ಅಂದರೆ ವ್ಯಾಯಾಮ ಎಲ್ಲರನ್ನೂ ಕಾಪಾಡಲಿಲ್ಲ, ಆದರೆ ಗಣನೀಯ ಸಂಖ್ಯೆಯ ತಾಯಂದಿರನ್ನು ಕಾಪಾಡಿತು.

“ಸ್ನಾಯು ಗಟ್ಟಿಯಾದರೆ ಹೆರಿಗೆ ಕಷ್ಟವಾಗುತ್ತದೆ” ಎಂಬ ಮಾತನ್ನೂ ಕೆಲವರು ಹೇಳುತ್ತಾರೆ. ಇದೇ ಮಹಿಳೆಯರ ಹೆರಿಗೆಯನ್ನು ಗಮನಿಸಿದಾಗ ಅಂಥದ್ದೇನೂ ಕಂಡುಬರಲಿಲ್ಲ. ಬದಲಾಗಿ, ಹೆರಿಗೆಯ ಕೊನೆಯ ಹಂತ ಒಂದು ಗಂಟೆಗಿಂತ ಹೆಚ್ಚು ಎಳೆದದ್ದು ವ್ಯಾಯಾಮ ಮಾಡಿದವರಲ್ಲೇ ಕಡಿಮೆ ಇತ್ತು.

ವುಝೂ ಉಳಿಸಲು ಮೂತ್ರ ಕಟ್ಟಬೇಡಿ

ನಮ್ಮ ಮನೆಗಳಲ್ಲಿ ಕಂಡುಬರುವ ಕೆಲವು ಅಭ್ಯಾಸಗಳು ಈ ಸ್ನಾಯುಗಳಿಗೂ ಮೂತ್ರಕೋಶಕ್ಕೂ ಹಾನಿ ಮಾಡುತ್ತವೆ. ಅಸರ್‌ಗೆ ಮಾಡಿದ ವುಝೂವಿನಲ್ಲೇ ಇಶಾವರೆಗೆ ನಮಾಝ್ ಮಾಡಿಬಿಡೋಣವೆಂದು ಮೂತ್ರವನ್ನು ತಡೆದು ಕೂರುವವರಿದ್ದಾರೆ. ಸೋರುತ್ತದೆಂಬ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇದ್ದಾರೆ. ಗರ್ಭಿಣಿಯರಲ್ಲಿ ಮೂತ್ರದ ಸೋಂಕು ಬೇಗ ತಗಲುತ್ತದೆ. ಅದು ಮೂತ್ರಪಿಂಡಕ್ಕೆ ಏರಿದರೆ ಜ್ವರ, ನಡುಕ ಬಂದು ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವೂ ಇದೆ. ಮೂತ್ರದ ಒತ್ತಡವನ್ನು ತಡೆದುಕೊಂಡು ನಮಾಝ್‌ಗೆ ನಿಲ್ಲುವುದನ್ನು ನಮ್ಮ ಧರ್ಮವೂ ಮೆಚ್ಚುವುದಿಲ್ಲ. ವುಝೂ ಹೋದರೆ ಮತ್ತೆ ಮಾಡಿದರಾಯಿತು. ನೀರು ಧಾರಾಳವಾಗಿ ಕುಡಿಯಿರಿ, ಚಹಾ ಕಾಫಿ ಕಡಿಮೆ ಮಾಡಿ.

ಇನ್ನು ಕೆಲವರು ಕೊನೆಯ ಹನಿಯೂ ಹೋಗಲೆಂದು ಮುಕ್ಕರಿ ಮೂತ್ರ ಮಾಡುತ್ತಾರೆ. ಅದು ಬೇಡ. ಮುಗಿದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಒಂದೆರಡು ಕ್ಷಣ ಕಾದು, ನಂತರ ತೊಳೆದುಕೊಳ್ಳಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು.

ಮಲಬದ್ಧತೆಯೂ ಶ್ರೋಣಿತಳದ ದೊಡ್ಡ ಶತ್ರು. ದಿನವೂ ಮುಕ್ಕರಿದರೆ ಸ್ನಾಯುಗಳು ಜೋತುಬೀಳುತ್ತವೆ. ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಕೆಲವರಿಗೆ ಮಲ ಗಟ್ಟಿಯಾಗುತ್ತದೆ. ಹಾಗೆಂದು ಮಾತ್ರೆಯನ್ನು ಬಚ್ಚಿಟ್ಟು ಬಿಸಾಡಬೇಡಿ. ರಕ್ತಹೀನತೆಯಿಂದ ಹೆರಿಗೆಯಲ್ಲಿ ಪ್ರಾಣಕ್ಕೇ ಅಪಾಯವಿದೆ. ಬಸಳೆ, ಹರಿವೆ ಸೊಪ್ಪು, ಕಾಳುಗಳು, ಪಪ್ಪಾಯಿ ಬೇಡವೆನಿಸಿದರೆ ಪೇರಲೆ, ನೆನೆಸಿದ ಒಣದ್ರಾಕ್ಷಿ, ಒಂದೆರಡು ಖರ್ಜೂರ ಆಹಾರದಲ್ಲಿರಲಿ. ಗರ್ಭಕಾಲದ ಸಕ್ಕರೆ ಕಾಯಿಲೆ ಇರುವವರು ಖರ್ಜೂರ, ಒಣದ್ರಾಕ್ಷಿಯ ಬಗ್ಗೆ ವೈದ್ಯರನ್ನು ಕೇಳಬೇಕು. ಕಮೋಡ್ ಬಳಸುವವರು ಕಾಲ ಕೆಳಗೊಂದು ಸಣ್ಣ ಮಣೆ ಇಟ್ಟುಕೊಂಡರೆ ಮುಕ್ಕರುವುದು ತಪ್ಪುತ್ತದೆ.

ಬಾಣಂತನದ ನಲ್ವತ್ತು ದಿನ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಬಾಣಂತಿಗೆ ವಿಶ್ರಾಂತಿ, ಒಳ್ಳೆಯ ಆಹಾರ, ಎಣ್ಣೆ ಸ್ನಾನ, ಮಗುವನ್ನು ನೋಡಿಕೊಳ್ಳಲು ನಾಲ್ಕು ಕೈಗಳು ಸಿಗುವ ಆ ದಿನಗಳು ಬಹಳ ದೊಡ್ಡ ಅನುಗ್ರಹ. ಇದರ ನಡುವೆ ಕೆಲವು ತಿದ್ದುಪಡಿಗಳು ಬೇಕು.

ಬಾಣಂತಿಗೆ ನೀರು ಕೊಡಬಾರದೆಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಇದರಿಂದ ಮಲ ಗಟ್ಟಿಯಾಗಿ ಹೊಲಿಗೆಯ ಮೇಲೆ, ದಣಿದ ಸ್ನಾಯುಗಳ ಮೇಲೆ ಒತ್ತಡ ಬೀಳುತ್ತದೆ. ಎದೆಹಾಲುಣಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ಬಿಸಿನೀರೇ ಆಗಲಿ, ಕೇಳಿದಷ್ಟು ಕೊಡಿ. ತುಪ್ಪ, ಮಾಂಸದ ಜೊತೆಗೆ ಸೊಪ್ಪು ತರಕಾರಿಯನ್ನೂ ಕೊಡಿ. ಹೊಟ್ಟೆಗೆ ಬಟ್ಟೆ ಕಟ್ಟುವುದಿದ್ದರೆ ಉಸಿರಾಟಕ್ಕೆ ತೊಂದರೆಯಾಗುವಷ್ಟು ಬಿಗಿಯಬೇಡಿ. ಬಿಗಿದಷ್ಟೂ ಒತ್ತಡ ಕೆಳಗಿನ ಸ್ನಾಯುಗಳ ಮೇಲೆಯೇ ಬೀಳುವುದು. ನಲ್ವತ್ತು ದಿನ ಹಾಸಿಗೆ ಬಿಟ್ಟೇಳದಿರುವುದೂ ಒಳ್ಳೆಯದಲ್ಲ. ಅದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಮನೆಯೊಳಗೆ ನಿಧಾನವಾಗಿ ಓಡಾಡುತ್ತಿರಬೇಕು.

ತಳದ ಸ್ನಾಯುಗಳ ವ್ಯಾಯಾಮವನ್ನು ಹೆರಿಗೆಯ ನಂತರ ಮೂತ್ರ ಸರಾಗವಾಗಿ ಹೋಗಲಾರಂಭಿಸಿದ ಮೇಲೆ, ನೋವಾಗದಷ್ಟು ಮೆಲ್ಲಗೆ ಮತ್ತೆ ಆರಂಭಿಸಬಹುದು. ಹೊಲಿಗೆ ಇದ್ದರೂ ಮೆಲುವಾದ ಬಿಗಿತದಿಂದ ಹೊಲಿಗೆ ಬಿಡುವುದಿಲ್ಲ. ರಕ್ತ ಸಂಚಾರ ಹೆಚ್ಚಿ ಬಾವು ಇಳಿಯಲು ಸಹಾಯವಾಗುತ್ತದೆ. ಆಳವಾದ ಹರಿತವಾಗಿದ್ದವರು ಮಾತ್ರ ಯಾವಾಗ ಆರಂಭಿಸಬೇಕೆಂದು ವೈದ್ಯರನ್ನು ಕೇಳಲಿ. ಆರಂಭದಲ್ಲಿ ಏನೂ ಬಿಗಿದಂತೆ ಅನಿಸದಿರಬಹುದು. ಗಾಬರಿಯಾಗಬೇಡಿ, ದಿನ ಕಳೆದಂತೆ ಗೊತ್ತಾಗುತ್ತದೆ. ನಿಫಾಸ್‌ನ ದಿನಗಳಲ್ಲಿ ನಮಾಝ್ ಇಲ್ಲದ ಕಾರಣ ಮುಸಲ್ಲಾದ ನೆನಪು ಇರುವುದಿಲ್ಲ. ಆಗ ಮಗುವಿಗೆ ಹಾಲೂಡುವ ಹೊತ್ತನ್ನು ಗುರುತಾಗಿಟ್ಟುಕೊಳ್ಳಿ. ಮಗು ಹಾಲು ಕುಡಿಯುತ್ತಿರುವಾಗ ಎಂಟು ಬಿಗಿತ ಮುಗಿದುಹೋಗುತ್ತದೆ.

ಆರು ವಾರಗಳವರೆಗೆ ಮಗುವಿಗಿಂತ ಭಾರವಾದ ವಸ್ತುವನ್ನು ಎತ್ತದಿರುವುದು ಒಳ್ಳೆಯದು. ನೀರಿನ ಕೊಡ, ಒದ್ದೆ ಬಟ್ಟೆಯ ಬಕೆಟ್, ಅಕ್ಕಿಯ ಚೀಲ ಬೇರೆಯವರ ಪಾಲಿಗಿರಲಿ. ಓಡುವ, ಹಾರುವ ವ್ಯಾಯಾಮಗಳಿಗೆ ಮೂರು ತಿಂಗಳಾದರೂ ಕಾಯಿರಿ.

ಫ್ರಾನ್ಸ್ ದೇಶದಲ್ಲಿ ಹೆರಿಗೆಯಾದ ತಾಯಂದಿರಿಗೆ ಈ ಸ್ನಾಯುಗಳ ಪುನಶ್ಚೇತನದ ತರಬೇತಿಯನ್ನು ಸರಕಾರಿ ವಿಮೆಯ ಖರ್ಚಿನಲ್ಲೇ ಕೊಡಲಾಗುತ್ತದೆ. ನಮ್ಮಲ್ಲಿ ಹೆರಿಗೆಯ ನಂತರ ಎಲ್ಲರ ಗಮನ ಮಗುವಿನ ಲಸಿಕೆಯ ಕಡೆಗೆ ಹೋಗುತ್ತದೆ. ಆರು ವಾರಕ್ಕೆ ಮಗುವನ್ನು ಲಸಿಕೆಗೆ ಕರೆದೊಯ್ಯುವಾಗ ತಾಯಿಯನ್ನೂ ಒಮ್ಮೆ ವೈದ್ಯರಿಗೆ ತೋರಿಸಿ.

ನಮಾಝ್ ಬಿಡಬೇಕಾಗಿಲ್ಲ

ಬಟ್ಟೆ ಶುದ್ಧವಿಲ್ಲ, ವುಝೂ ನಿಲ್ಲುವುದಿಲ್ಲ ಎಂಬ ಚಿಂತೆಯಿಂದ ನಮಾಝನ್ನೇ ಮುಂದೂಡುತ್ತಾ, ಕೊನೆಗೆ ಬಿಟ್ಟೇ ಬಿಡುವ ಸಹೋದರಿಯರಿದ್ದಾರೆ. ಯಾರಿಗೂ ಹೇಳದೆ ಒಳಗೊಳಗೇ ಕೊರಗುತ್ತಾರೆ. ಅಪರೂಪಕ್ಕೊಮ್ಮೆ ಸೋರುವವರು ತೊಳೆದು, ಮತ್ತೆ ವುಝೂ ಮಾಡಿ ನಮಾಝ್ ಮಾಡಬೇಕು. ಆದರೆ ನಿಲ್ಲದೆ ಸೋರುತ್ತಿರುವವರಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮಗೆ ನಿಲ್ಲದ ರಕ್ತಸ್ರಾವದ ಬಗ್ಗೆ ಪ್ರವಾದಿ(ಸ)ಯವರಲ್ಲಿ ನೇರವಾಗಿ ಕೇಳಿದ್ದರು. ಮುಟ್ಟಿನ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ನಮಾಝ್ ಬಿಡಬಾರದೆಂದೂ ಪ್ರತಿ ನಮಾಝ್‌ಗೆ ವುಝೂ ಮಾಡಬೇಕೆಂದೂ ಅವರಿಗೆ ತಿಳಿಸಲಾಯಿತು. ನಿರಂತರ ಮೂತ್ರ ಸೋರುವವರಿಗೂ ವಿದ್ವಾಂಸರು ಇದೇ ದಾರಿಯನ್ನು ತೋರಿಸಿದ್ದಾರೆ. ತೊಳೆದು, ಪ್ಯಾಡ್ ಅಥವಾ ಶುದ್ಧ ಬಟ್ಟೆ ಇಟ್ಟುಕೊಂಡು, ಹೊತ್ತಾದ ಮೇಲೆ ವುಝೂ ಮಾಡಿ ನಮಾಝ್ ಮಾಡಬೇಕು. ಎಷ್ಟು ಸೋರಿದರೆ ರಿಯಾಯಿತಿ, ಒಂದು ವುಝೂವಿನಲ್ಲಿ ಎಷ್ಟು ನಮಾಝ್ ಎಂಬ ವಿವರಗಳಲ್ಲಿ ಶಾಫಿಈ ಮತ್ತು ಹನಫಿ ಮಝ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಿಮ್ಮ ಊರಿನ ಆಲಿಮರನ್ನು ಅಥವಾ ಆಲಿಮಾರನ್ನು ಕೇಳಿ ತಿಳಿದುಕೊಳ್ಳಿ.

ಕೇಳಲು ನಾಚಿಕೆ ಬೇಡ. ಧರ್ಮವನ್ನು ಕಲಿಯಲು ನಾಚಿಕೆಯನ್ನು ಅಡ್ಡ ತರಲಿಲ್ಲವೆಂದು ಅನ್ಸಾರ್ ಮಹಿಳೆಯರನ್ನು ಆಯಿಶಾ(ರ) ಮೆಚ್ಚಿದ್ದರು. ಆರೋಗ್ಯದ ವಿಷಯದಲ್ಲೂ ಅದೇ ಧೈರ್ಯ ಬೇಕು. ಮತ್ತು ನೆನಪಿಡಿ, ರಿಯಾಯಿತಿ ಇದೆಯೆಂದು ಚಿಕಿತ್ಸೆಯನ್ನು ಬಿಡಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಸೋರುವುದು ಕಡಿಮೆಯಾಗದಿದ್ದರೆ, ಯೋನಿಯಲ್ಲಿ ಭಾರವೆನಿಸುತ್ತಿದ್ದರೆ ಅಥವಾ ಏನೋ ಹೊರಬಂದಂತೆ ಕೈಗೆ ತಾಗುತ್ತಿದ್ದರೆ, ವಾಯು ಅಥವಾ ಮಲವನ್ನು ತಡೆಯಲಾಗದಿದ್ದರೆ, ಮೂತ್ರ ಮಾಡುವಾಗ ಉರಿ, ಜ್ವರ ಇದ್ದರೆ ವೈದ್ಯರನ್ನು ಕಾಣಬೇಕು. ಹೆರಿಗೆಯ ನಂತರ ಹಗಲಿರುಳೂ ಮೂತ್ರ ತನ್ನಷ್ಟಕ್ಕೆ ಹರಿಯುತ್ತಿದ್ದರೆ ಒಂದು ದಿನವೂ ಕಾಯಬಾರದು. ದೀರ್ಘ ಹೆರಿಗೆ ನೋವಿನಿಂದ ಮೂತ್ರಕೋಶದಲ್ಲಿ ರಂಧ್ರವಾಗಿರುವ ಸಾಧ್ಯತೆ ಇರುತ್ತದೆ. ಇನ್ನು ಕೆಲವರಲ್ಲಿ ಈ ಸ್ನಾಯುಗಳು ದುರ್ಬಲವಾಗಿರುವ ಬದಲು ಸದಾ ಬಿಗಿದುಕೊಂಡೇ ಇರುತ್ತವೆ. ಅಂಥವರಿಗೆ ಕೆಳಹೊಟ್ಟೆಯಲ್ಲಿ ಅಥವಾ ದಾಂಪತ್ಯ ಸಂಬಂಧದ ವೇಳೆ ನೋವಿರುತ್ತದೆ. ಬಿಗಿಯುವ ವ್ಯಾಯಾಮದಿಂದ ನೋವು ಹೆಚ್ಚಾಗುವವರು ಅದನ್ನು ನಿಲ್ಲಿಸಿ ತಜ್ಞರ ಸಲಹೆ ಪಡೆಯಲಿ.

ಹೆರಿಗೆಯ ಮುಂಚೆಯೇ ಕೇಳಲು ಅವಕಾಶವಿದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋದಾಗ ರಕ್ತ, ಬಿ.ಪಿ., ಸ್ಕ್ಯಾನಿಂಗ್ ಬಗ್ಗೆ ಮಾತ್ರ ಕೇಳಿ ಬರಬೇಡಿ. “ಕೆಮ್ಮಿದರೆ ಮೂತ್ರ ಹೋಗುತ್ತದೆ, ಏನು ಮಾಡಲಿ?” ಎಂದು ಕೇಳಿ. ಅಥವಾ ಆಶಾ ಕಾರ್ಯಕರ್ತೆಯ ಬಳಿಯೇ ಮೊದಲು ಹೇಳಿ.

ಕೊನೆಯದಾಗಿ ಮನೆಯವರಿಗೊಂದು ಮಾತು. ಪತಿಯಂದಿರೇ, ಪತ್ನಿ ನಮಾಝ್‌ನ ಮಧ್ಯೆ ಎದ್ದು ಹೋದರೆ, ಪ್ರಯಾಣದಲ್ಲಿ ಪದೇ ಪದೇ ಶೌಚಾಲಯ ಕೇಳಿದರೆ ರೇಗಬೇಡಿ. ಏನಾಯಿತೆಂದು ಮೃದುವಾಗಿ ಕೇಳಿ. ತಾಯಂದಿರೇ, ಅತ್ತೆಯಂದಿರೇ, “ನಾವೆಲ್ಲ ಹೆತ್ತಿಲ್ಲವೇ” ಎಂದು ಬಾಯಿ ಮುಚ್ಚಿಸಬೇಡಿ. ನಿಮ್ಮಲ್ಲೂ ಹಲವರಿಗೆ ಈ ತೊಂದರೆ ಇಪ್ಪತ್ತು ವರ್ಷಗಳಿಂದ ಇರಬಹುದು. ಈ ವ್ಯಾಯಾಮ ಯಾವ ವಯಸ್ಸಿನಲ್ಲೂ ಪ್ರಯೋಜನಕಾರಿ. ಇಂದು ಇಶಾದ ನಂತರ ಮಗಳೊಂದಿಗೆ, ಸೊಸೆಯೊಂದಿಗೆ ಕುಳಿತು ನೀವೂ ಎಂಟು ಸಲ ಮಾಡಿ ನೋಡಿ. ಎಲ್ಲ ತಾಯಂದಿರಿಗೂ ಸುಲಭ ಹೆರಿಗೆಯನ್ನೂ ಪೂರ್ಣ ಆರೋಗ್ಯವನ್ನೂ ಅಲ್ಲಾಹನು ಕರುಣಿಸಲಿ.